ನೋಣಯ್ಯ ಕಂಡಕ್ಟರರ ಮೂರು ಮಿಸ್ಡ್ ಕಾಲು

ಮಂಗಳೂರಿನ ನಂತೂರು ಸರ್ಕಲಿನಲ್ಲಿ ಆ ಮಂಗಳವಾರ ಸಿಟಿ ಬಸ್ಸುಗಳೆಲ್ಲ ನಿಂತಲ್ಲೇ ನಿಂತುಬಿಟ್ಟದ್ದಕ್ಕೆ ಜನ ತಲೆಗೊಂದು ಕಾರಣ ಹೇಳುತ್ತಾರೆ. ಟ್ಯಾಂಕರ್ ಮಗುಚಿತ್ತು ಅನ್ನುವವರಿದ್ದಾರೆ. ಮಂತ್ರಿ ಬಂದಿದ್ದರು ಅನ್ನುವವರಿದ್ದಾರೆ. ಡ್ರೈವರುಗಳ ಸ್ಟ್ರೈಕು ಅಂತ ಆಣೆ ಹಾಕಿ ಹೇಳುವವರೂ ಇದ್ದಾರೆ. ಎಲ್ಲ ಸುಳ್ಳು. ನೋಣಯ್ಯ ಕಂಡಕ್ಟರರ ಮಗ ದೀಕ್ಷಿತ್ ಬಾವನ ಫೋನಿಗೆ ಹೆದರಿ ತನ್ನ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿದ್ದೇ ಕಾರಣ.

ಇದು ಅರ್ಥವಾಗಬೇಕಾದರೆ ಮೊದಲು ಮಾಡ್ಯೂಲು ಅಂದರೆ ಎಂತ ಅಂತ ಗೊತ್ತಿರಬೇಕು. ಒಂದು ಮೊಬೈಲಿನಿಂದ ಪರದೆ, ಗುಂಡಿ, ಸ್ಪೀಕರು, ಕ್ಯಾಮೆರಾ, ಮರ್ಯಾದೆ ಎಲ್ಲ ಕಿತ್ತು ಹಾಕಿದ ಮೇಲೆ ಉಳಿಯುವ ತುಂಡು ಉಂಟಲ್ಲ, ಅದೇ ಮಾಡ್ಯೂಲು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಸಿಮ್ ಹಾಕಿದರೆ ಟವರಿನ ಜೊತೆ ಮಾತಾಡುತ್ತದೆ. ಅದರ ಹೊಟ್ಟೆಯೊಳಗೆ ನಮ್ಮದೊಂದು ಸಣ್ಣ ಪ್ರೋಗ್ರಾಮು ಬರೆದು ತುಂಬಿಸಬಹುದು. ಬೇರೆ ಕಂಪ್ಯೂಟರ್ ಬೇಡ, ಅದೇ ಓಡಿಸಿಕೊಳ್ಳುತ್ತದೆ. ಓಡದಿದ್ದರೆ? ಅಲ್ಲೇ ಇರುವುದು ಸಂಕಟ. ಪರದೆ ಇಲ್ಲ, ಬಾಯಿ ಇಲ್ಲ. ಲ್ಯಾಪ್‌ಟಾಪಿಗೆ ವಯರು ಚುಚ್ಚಿದರೆ ಮಾತ್ರ ತನಗೆ ಎಲ್ಲಿ ನೋವು ಅಂತ ಒಂದೊಂದೇ ಸಾಲು ಉಗುಳುತ್ತದೆ. ವಯರು ಕಿತ್ತರೆ ಸತ್ತಿದೆಯಾ ಬದುಕಿದೆಯಾ ದೇವರಿಗೂ ಗೊತ್ತಾಗುವುದಿಲ್ಲ.

ದೀಕ್ಷಿತ್ ಪಿಯುಸಿಗೆ ಅರ್ಧದಲ್ಲಿ ಕೈಮುಗಿದು ಹೊರಬಿದ್ದವನು. ಕಂಕನಾಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಿದ್ದ. ಅವನಿಗೆ ಈ ಮಾಡ್ಯೂಲಿನ ಹುಚ್ಚು ಹಿಡಿದು ಎರಡು ಮಳೆಗಾಲ ಕಳೆದಿತ್ತು. ಅದರ ಜೊತೆ ಮುನ್ನೂರು ಪುಟದ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಆ ಪುಸ್ತಕ ಬರೆದವನಿಗೆ ಓದುವವನ ಮೇಲೆ ಯಾವ ಜನ್ಮದ ಸಿಟ್ಟೋ! ಪ್ರೋಗ್ರಾಮು ನಿಂತರೆ ಒಂದು ನಂಬರು ತೋರಿಸುತ್ತದೆ; ಆ ನಂಬರಿನ ಅರ್ಥ ಹುಡುಕಿಕೊಂಡು ಕೊನೇ ಪುಟಕ್ಕೆ ಹೋದರೆ ಅಲ್ಲಿ "ಗೊತ್ತಿಲ್ಲದ ತಪ್ಪು" ಅಂತ ಬರೆದಿರುತ್ತದೆ. ಗೊತ್ತಿಲ್ಲ ಅನ್ನಲಿಕ್ಕೆ ಮುನ್ನೂರು ಪುಟ ಯಾಕೆ ಬೇಕಿತ್ತು? ಅಷ್ಟನ್ನು ದೀಕ್ಷಿತನೇ ಹೇಳುತ್ತಿದ್ದನಲ್ಲ, ಪುಕ್ಕಟೆಯಾಗಿ.

ಅವನ ಯೋಜನೆ ದೊಡ್ಡದು. ಸಿಟಿ ಬಸ್ಸಿಗೆ ಒಂದು ಡಬ್ಬಿ. ಬಸ್ಸು ಎಲ್ಲಿ ಉಂಟು, ಎಷ್ಟು ಸ್ಪೀಡಿನಲ್ಲಿ ಉಂಟು, ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತು ಮಲಗಿತು, ಎಲ್ಲವನ್ನೂ ಆ ಡಬ್ಬಿಯೇ ಉಪಗ್ರಹವನ್ನು ಕೇಳಿ ಮಾಲಕರ ಮೊಬೈಲಿನ ಮ್ಯಾಪಿನಲ್ಲಿ ತೋರಿಸುತ್ತದೆ. ಮಾಲಕರು ಅಂದರೆ ಬದ್ರುದ್ದೀನ್ ಹಾಜಿಯವರು. ದೀಕ್ಷಿತನ ಅಪ್ಪ ನೋಣಯ್ಯನವರು ತಲೆ ಹಣ್ಣಾಗುವವರೆಗೆ ಕಂಡಕ್ಟರಾಗಿದ್ದದ್ದು ಅವರದೇ ಬಸ್ಸಿನಲ್ಲಿ. 'ಮುಸಾಫಿರ್' ಅಂತ ಬಸ್ಸಿನ ಹೆಸರು, ಉಳ್ಳಾಲದಿಂದ ಕೂಳೂರಿಗೆ ಓಡುವಂಥದ್ದು.

"ಒಂದು ದಿನ ಹಾಕಿ ನೋಡು," ಅಂದಿದ್ದರು ಹಾಜಿಯವರು. "ಸರಿಯಾದ್ರೆ ನನ್ನ ಬಸ್ಸುಗಳಿಗೆಲ್ಲ ನೀನೇ ಹಾಕು. ಆಗದಿದ್ರೆ ಸುಮ್ಮನೆ ಬಾವನ ಹತ್ತಿರ ಹೋಗು ಮಾರಾಯ. ನಿನ್ನ ಅಪ್ಪನ ಬಿಪಿಯೂ ಉಳೀತದೆ, ನನ್ನದೂ ಉಳೀತದೆ."

ಬಾವ ಮುಖೇಶ್, ಅಕ್ಕ ತೃಪ್ತಿಯ ಗಂಡ, ದುಬಾಯಿಯಲ್ಲಿ ಒಂದು ಕಂಪನಿಯ ಗೋದಾಮು ನೋಡಿಕೊಳ್ಳುವವರು. ದೀಕ್ಷಿತನಿಗೆ ಅಲ್ಲೇ ಒಂದು ಕೆಲಸ ನೋಡಿ ವೀಸಾ ಸಹ ಮಾಡಿಸಿದ್ದರು. ಇವನು ಹೂಂ ಅನ್ನಬೇಕು, ಅಷ್ಟೇ ಬಾಕಿ. ಹೂಂ ಅನ್ನಿಸಲಿಕ್ಕೆ ಬಾವ ಆ ಮಂಗಳವಾರ ಬೆಳಿಗ್ಗೆಯಿಂದ ಫೋನು ಮಾಡುತ್ತಲೇ ಇದ್ದರು.

"ಬಾವನ ಫೋನು ಎತ್ತುವುದಿಲ್ಲ ಅಂತೆ ನೀನು," ಅಂದರು ದೀಕ್ಷಿತನ ಅಮ್ಮ ಬಾಗಿಯಮ್ಮ, ನೀರುದೋಸೆ ಮಡಚಿ ಹಾಕುತ್ತ.

"ನನಗೆ ಕೆಲಸ ಉಂಟು."

"ಎಂತ ಕೆಲಸ? ಆ ಬೆಂಕಿಪೆಟ್ಟಿಗೆಗೆ ಬೈಯುವುದಾ?"

ಜಗಲಿಯಿಂದ ಅಪ್ಪನ ಸ್ವರ ಬಂತು. "ಅವ ದುಬಾಯಿಗೆ ಹೋದ್ರೆ ಅಲ್ಲಿಯವರಿಗೆ ಕಷ್ಟ. ಗೋದಾಮಿನಲ್ಲಿ ಎಂತೆಲ್ಲ ಬಿಚ್ಚಿ ಹಾಕ್ತಾನೋ."

ದೀಕ್ಷಿತ್ ಮೊಬೈಲನ್ನು ಫ್ಲೈಟ್ ಮೋಡಿಗೆ ತಳ್ಳಿ, ಡಬ್ಬಿ ಎತ್ತಿಕೊಂಡು ಹೊರಟ.

ಡಬ್ಬಿಯೊಳಗೆ ಇದ್ದದ್ದು ಅಪ್ಪನ ಹಳೇ ಸಿಮ್ಮು. ಅಪ್ಪನಿಗೆ ಅಕ್ಕ ಹೊಸ ಸ್ಮಾರ್ಟ್‌ಫೋನು, ಹೊಸ ನಂಬರು ಕಳಿಸಿದ ಮೇಲೆ ಹಳೆಯದು ಹಳೇ ಫೋನಿನ ಹೊಟ್ಟೆಯಲ್ಲೇ ಅಡುಗೆಮನೆಯ ಡ್ರಾಯರಿನಲ್ಲಿ ಲಿಂಬೆ ಉಪ್ಪಿನಕಾಯಿಯ ಜಾಡಿಯ ಪಕ್ಕ ಮಲಗಿತ್ತು. ಬ್ಯಾಂಕಿನವರ ಮೆಸೇಜು ಅದಕ್ಕೇ ಬರುವುದರಿಂದ ಅಮ್ಮ ಅದನ್ನು ಸಾಯಲು ಬಿಟ್ಟಿರಲಿಲ್ಲ. ದೀಕ್ಷಿತ್ ಆ ಸಿಮ್ಮನ್ನು ಕಿತ್ತು ಒರಸಿ ಮಾಡ್ಯೂಲಿಗೆ ಹಾಕಿ, ಅದರಲ್ಲೇ ಉಳಿದಿದ್ದ ಅಪ್ಪನ ಹೆಸರುಗಳ ಪಟ್ಟಿಯ ತಲೆಗೆ ತನ್ನ ನಂಬರು ಸೇರಿಸಿದ್ದ. ಬಸ್ಸಿನಲ್ಲಿ ಲ್ಯಾಪ್‌ಟಾಪು ಹಿಡಿದು ಎಷ್ಟು ದಿನ ಕೂರುವುದು? ಅದಕ್ಕೇ ಪ್ರೋಗ್ರಾಮು ಹೀಗೆ: ಏನಾದರೂ ಕೆಟ್ಟರೆ ಮಾಡ್ಯೂಲು ತನ್ನನ್ನು ತಾನೇ ಆರಿಸಿ ಹೊತ್ತಿಸಿಕೊಳ್ಳಬೇಕು, ಆಮೇಲೆ ಮೊದಲ ಹೆಸರಿಗೆ ಮೂರು ಮಿಸ್ಡ್ ಕಾಲು ಕೊಡಬೇಕು. ತಿರುಗಿ ಯಾರಾದರೂ ಕರೆ ಮಾಡಿದರೆ ಕತ್ತರಿಸಬೇಕು. ಪುಸ್ತಕದ ಮಾದರಿಯಲ್ಲಿ ಇನ್ನೂ ಒಂದು ಸಾಲಿತ್ತು. ಮೊದಲನೆಯವನು ಸಿಗದಿದ್ದರೆ ಮುಂದಿನ ಹೆಸರಿಗೆ ಹೋಗು, ಹಾಗೆಯೇ ಪಟ್ಟಿ ಮುಗಿಯುವವರೆಗೆ ಒಬ್ಬೊಬ್ಬರಿಗೂ. ದೀಕ್ಷಿತ್ ಅದನ್ನೂ ಎತ್ತಿ ಅಂಟಿಸಿದ್ದ. ಎತ್ತಿ ಅಂಟಿಸುವಾಗ ಓದುವವರು ಯಾರು?

ಮೂರೇ ಯಾಕೆ ಅಂದರೆ ಅದು ಅವನು ಹುಟ್ಟಿ ಬೆಳೆದ ಲೆಕ್ಕ. ಮಾತಾಡಿದರೆ ದುಡ್ಡು ಹೋಗುತ್ತಿದ್ದ, ಮಿಸ್ಡ್ ಕಾಲಿಗೆ ಹೋಗದಿದ್ದ ಆ ಪುಣ್ಯಕಾಲದಲ್ಲಿ ಬಸ್ಸಿನವರಿಗೆ ಅವರದೇ ಒಂದು ಭಾಷೆ ಇತ್ತು. ಒಂದು ಮಿಸ್ಡ್ ಕಾಲು ಬಂದರೆ ಹಿಂದಿನ ಬಸ್ಸು ಬಾಲದಲ್ಲೇ ಉಂಟು, ಎಳಿ. ಎರಡು ಬಂದರೆ ಮುಂದೆ ಚೆಕ್ಕಿಂಗ್ ಉಂಟು, ಫುಟ್‌ಬೋರ್ಡು ಖಾಲಿ ಮಾಡಿಸು. ಮೂರು ಬಂದರೆ ಎಕ್ಸಿಡೆಂಟು. ಇದ್ದಲ್ಲೇ ಬಸ್ಸು ನಿಲ್ಲಿಸಿ ಓಡಿ ಬಾ. ಆ ಮೂರಕ್ಕೆ ಯಾವ ಜಾತಿ, ಯಾವ ಮಾಲಕ, ಯಾರ ಟೈಮು ಯಾರು ಕದ್ದರು, ಯಾವುದೂ ಇರಲಿಲ್ಲ. ಬೆಳಿಗ್ಗೆ ಕಾಲರ್ ಹಿಡಿದು ಜಗಳಾಡಿದವನೂ ಮಧ್ಯಾಹ್ನ ಮೂರು ಬಿದ್ದರೆ ಓಡಿ ಬರುತ್ತಿದ್ದ. ಈಗ ಎಲ್ಲ ಪುಕ್ಕಟೆ. ಗ್ರೂಪಿನಲ್ಲಿ ಬೆಳಗಾಗುವ ಮೊದಲೇ ಗುಲಾಬಿ ಹೂ ಬರುತ್ತದೆ. ಮನುಷ್ಯ ಬರುವುದಿಲ್ಲ.

ಡ್ರೈವರ್ ಸೀಟಿನಡಿ ಡಬ್ಬಿ ಕಟ್ಟಿ, ಅಲ್ಲಿಂದ ವಯರು ಎಳೆದು, ಅದರ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ದೀಕ್ಷಿತ್ ಕೂತ. ಬಸ್ಸು ಕೂಳೂರು ಬಿಟ್ಟಿತು. ಸೇತುವೆ ದಾಟುವವರೆಗೆ ಸಾಲುಗಳು ಚಂದಕ್ಕೆ ಬಂದವು. ಸೇತುವೆ ದಾಟಿದ್ದೇ ಲ್ಯಾಪ್‌ಟಾಪಿನ ಬ್ಯಾಟರಿ ಕಣ್ಣು ಮುಚ್ಚಿತು. ಅವನಿಗೆ ಬೇಸರವಾಗಲಿಲ್ಲ. ಮಿಸ್ಡ್ ಕಾಲು ಉಂಟಲ್ಲ! ಮೊಬೈಲು ತೆಗೆದು ನೋಡಿದ. ಒಂದೂ ಬಂದಿರಲಿಲ್ಲ. ಸ್ವಲ್ಪ ಮುಂದೆ ಹೋಗಿ ಪುನಃ ನೋಡಿದ. ಇಲ್ಲ.

"ಒಂದು ತಪ್ಪೂ ಇಲ್ಲ," ಅಂತ ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಹೇಳಿದ.

"ಯಾರದ್ದು?" ಅಂದಳು ಆಕೆ.

ಅದೇ ಹೊತ್ತಿಗೆ ಡ್ರೈವರ್ ಸೀಟಿನಡಿ ಮಾಡ್ಯೂಲು ಒದ್ದಾಡುತ್ತಿತ್ತು. ಸೇತುವೆಯವರೆಗೆ ಹೇಗೋ ಸಿಕ್ಕಿದ ಉಪಗ್ರಹ ಆಮೇಲೆ ಬಸ್ಸಿನ ತಗಡಿನಡಿ ಅದಕ್ಕೆ ಸಿಗಲಿಲ್ಲ. ಸಿಗದೆ ಪ್ರೋಗ್ರಾಮು ನಿಂತಿತು. ನಿಂತು, ತಾನೇ ಆರಿ, ಹೊತ್ತಿ, ಯಜಮಾನನಿಗೆ ಕರೆ ಮಾಡಿತು. ಯಜಮಾನ ಫ್ಲೈಟ್ ಮೋಡಿನಲ್ಲಿ ಆಕಾಶದಲ್ಲಿದ್ದ. ವಿಧೇಯ ಪ್ರಾಣಿ, ಮುಂದಿನ ಹೆಸರಿಗೆ ಹೋಯಿತು. ಅಬ್ದುಲ್ಲ ಡ್ರೈವರ್, ಮೂರು ಮಿಸ್ಡ್ ಕಾಲು. ಚನಿಯ ಟೈಮ್ ಕೀಪರ್, ಮೂರು. ಹೀಗೆ ನೋಣಯ್ಯನವರು ಬದುಕಿಡೀ ಸೇರಿಸಿದ ಹೆಸರುಗಳಿಗೆಲ್ಲ, ಒಬ್ಬರನ್ನೂ ಬಿಡದೆ, ಒಬ್ಬೊಬ್ಬರಿಗೆ ಮೂರು.

ಚನಿಯ ನಂತೂರಿನಲ್ಲಿ ಬಸ್ಸುಗಳ ಟೈಮು ನೋಡುವ ಮನುಷ್ಯ. ಒಂದು ಕಾಲದಲ್ಲಿ ನೋಣಯ್ಯನವರ ಬಸ್ಸಿನಲ್ಲೇ ಕೆಲಸ ಕಲಿತವನು. 'ನೋಣಯ್ಯಣ್ಣ ಕಂಡಕ್ಟರ್' ಅಂತ ಮೊಬೈಲಿನಲ್ಲಿ ಮೂರು ಸಲ ಹೊತ್ತಿ ಆರಿದ್ದನ್ನು ನೋಡಿದವನೇ ತಿರುಗಿ ಫೋನು ಮಾಡಿದ. ಕತ್ತರಿಸಿತು. ಪುನಃ ಮಾಡಿದ. ಪುನಃ ಕತ್ತರಿಸಿತು. ಅವನು ಬಾಯಿಗೆ ವಿಸಿಲ್ ಇಟ್ಟು ರಸ್ತೆಯ ನಡುವೆ ಹಾರಿ, ಬರುವ ಬಸ್ಸುಗಳಿಗೆಲ್ಲ ಎರಡೂ ಕೈ ಅಡ್ಡ ಹಿಡಿದ.

ಬಸ್ಸುಗಳಲ್ಲಿ ಇದ್ದ ಹಳಬರಿಗೂ ಅಷ್ಟರಲ್ಲಿ ಮೂರು ಬಿದ್ದಾಗಿತ್ತು. ಅವರು ಇದ್ದಲ್ಲೇ ಬ್ರೇಕು ಹಾಕಿ ಇಳಿದರು. ಹಿಂದೆ ಲಾರಿಗಳು ನಿಂತವು, ಲಾರಿಗಳ ಹಿಂದೆ ಟ್ಯಾಂಕರುಗಳು ನಿಂತವು, ಟ್ಯಾಂಕರುಗಳ ಹಿಂದೆ ಒಂದು ಮದುವೆ ದಿಬ್ಬಣ ನಿಂತು ಬೆವರಿತು. ಖಾಕಿ ಅಂಗಿಯವರೆಲ್ಲ ಬಗ್ಗಿ ಬಗ್ಗಿ ಬಸ್ಸುಗಳ ಅಡಿಯಲ್ಲಿ ನೋಣಯ್ಯಣ್ಣನನ್ನು ಹುಡುಕತೊಡಗಿದರು.

ಟ್ರಾಫಿಕ್ ಎಸ್ಸೈ ಏವ್ರಿಲ್ ಮೇಡಂ ಬೈಕಿನಿಂದ ಇಳಿದವರೇ ಚನಿಯನನ್ನು ಹಿಡಿದರು.

"ಯಾರು ಬಸ್ಸು ನಿಲ್ಲಿಸ್ಲಿಕ್ಕೆ ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ಮೂರು ಮಿಸ್ಡ್ ಕಾಲ್ ಬಂತು."

"ಎಂತದು?"

"ಮೂರು ಮೇಡಂ. ಎರಡು ಬಂದಿದ್ರೆ ನೀವು ಚೆಕ್ಕಿಂಗಿಗೆ ನಿಂತಿದ್ದೀರಿ ಅಂತ ಅರ್ಥ, ಅದಕ್ಕೆ ನಾವು ನಿಲ್ಲಿಸುವುದಿಲ್ಲ."

ಹೇಳಬಾರದ್ದನ್ನು ಹೇಳಿದೆ ಅಂತ ಚನಿಯನಿಗೆ ಗೊತ್ತಾಗುವಾಗ ಮೇಡಂ ಕೆಂಪಾಗಿದ್ದರು. "ಓಹೋ. ಇಷ್ಟು ವರ್ಷ ನಾನು ನಿಂತಲ್ಲಿ ಒಂದು ಬಸ್ಸಿನ ಫುಟ್‌ಬೋರ್ಡಿನಲ್ಲೂ ಜನ ಇರ್ತಿರ್ಲಿಲ್ಲ, ಇದಕ್ಕೆಯಾ?"

ಈ ಎಲ್ಲದರ ನಡುವೆ ಮುಸಾಫಿರ್ ಬಸ್ಸೂ ಬಂದು ಸಿಕ್ಕಿಬಿತ್ತು. ಹಿಂದಿನ ಸೀಟಿನಿಂದ ತಲೆ ಹೊರಗೆ ಹಾಕಿದ ದೀಕ್ಷಿತನಿಗೆ ಸಿಟ್ಟು ನೆತ್ತಿಗೇರಿತು. "ಎಂತ ಊರು ಮಾರಾಯ್ರೆ ಇದು! ಯಾವನೋ ಒಬ್ಬ ಬೇಕೂಫ ಎಂತದೋ ಮಾಡ್ತಾನೆ, ಇಡೀ ಮಂಗಳೂರು ಅನುಭವಿಸ್ಬೇಕು," ಅಂತ ಕಂಡಕ್ಟರಿಗೆ ಜೋರಿನಲ್ಲಿ ಹೇಳಿದ. ಮೀನಿನ ಹೆಂಗಸು ಹೌದು ಹೌದು ಅಂತ ತಲೆಯಾಡಿಸಿದಳು. ಕಾದು ಕಾದು ಸಾಕಾಗಿ ಅವನು ಡಬ್ಬಿ ಬಿಚ್ಚಿಕೊಂಡು ಇಳಿದು, ಹತ್ತಿರವೇ ಇದ್ದ ಮನೆಗೆ ನಡೆದ.

ಮನೆಯ ಅಂಗಳದಲ್ಲಿ ಜಾತ್ರೆ. ಚಪ್ಪಲಿಗಳೇ ಚಪ್ಪಲಿಗಳು. ಪಕ್ಕದ ಮನೆಯವರು ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಿದ್ದರು. ಇಂಥ ಹೊತ್ತಿಗೆ ಕುರ್ಚಿ ಬೇಕಾಗುತ್ತದೆ ಅಂತ ಅವರಿಗೆ ಅನುಭವ. ಉಳ್ಳಾಲದ ಅಬ್ದುಲ್ಲ ಆಟೋದಿಂದ ಇಳಿದು ಬರಿಗಾಲಿನಲ್ಲಿ ಬರುತ್ತಿದ್ದರು. ಮುಸಾಫಿರಿನ ಸ್ಟಿಯರಿಂಗ್ ಹಿಡಿದು ಮೊಣಗಂಟು ಸವೆಸಿಕೊಂಡ ಮನುಷ್ಯ. ನೋಣಯ್ಯನವರ ಒಂದು ವಿಸಿಲಿಗೆ ನಿಲ್ಲಿಸಿ, ಬಸ್ಸಿನ ಮೈಗೆ ಬಡಿದ ಎರಡು ಪೆಟ್ಟಿಗೆ ಎಳೆಯುತ್ತಿದ್ದ ಜೋಡಿ. ಅವರು ಬಾಗಿಯಮ್ಮನನ್ನು ನೋಡಿದ್ದೇ ಕಂಬ ಹಿಡಿದು ಅಳಲು ಶುರು ಮಾಡಿದರು.

"ಯಾರು ಹೋದದ್ದು ಅಬ್ದುಲ್ಲ ಕಾಕ?" ಅಂತ ಬಾಗಿಯಮ್ಮನೂ ಕಣ್ಣೀರು ತಂದರು. ಯಾರು ಅಂತ ಗೊತ್ತಾದ ಮೇಲೆ ಅಳಬೇಕು ಅನ್ನುವ ನಿಯಮ ಅವರಿಗಿರಲಿಲ್ಲ.

"ನಿಮ್ಮ ಯಜಮಾನರು ಬಾಗಿಯಕ್ಕ..."

"ಅವರಾ? ಅವರು ಹಿಂದೆ ಬಂಗುಡೆ ಮೀನು ಕೊಯ್ತಾ ಇದ್ದಾರೆ."

ಹಿತ್ತಿಲಿನಿಂದ ನೋಣಯ್ಯನವರು ಬಂದರು. ಬನಿಯನು, ಮಡಚಿ ಕಟ್ಟಿದ ಲುಂಗಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಂಗುಡೆ. ಅಬ್ದುಲ್ಲ ಹಿಡಿದ ಕಂಬ ಬಿಟ್ಟರು. ಆಮೇಲೆ ಒಟ್ಟಿಗೇ ಬೈಗಳು ಶುರುವಾಯಿತು.

"ಬದುಕಿದ್ದೀಯಾ ನೀನು!" ಅಬ್ದುಲ್ಲ ಕೂಗಿದರು. "ಬದುಕಿದ್ದವ ಎರಡು ವರ್ಷದಿಂದ ಫೋನು ಯಾಕೆ ಎತ್ತುವುದಿಲ್ಲ? ಅಳಿಯ ದುಬಾಯಿಯಲ್ಲಿ ಇದ್ದಾನೆ ಅಂತ ದೊಡ್ಡ ಜನ ಆದ್ಯಾ?"

"ನೀನು ಯಾವಾಗ ಮಾಡಿದೆ ಬ್ಯಾರಿ? ಒಬ್ಬ ನಾಯಿಯೂ ನನಗೆ ಫೋನು ಮಾಡ್ಲಿಲ್ಲ. ರಿಟಾಯರ್ ಆದವ ಸತ್ತ ಹಾಗೆ ಅಲ್ವಾ ನಿಮಗೆ?"

"ಪ್ರತಿ ಹಬ್ಬಕ್ಕೆ ಮಾಡಿದ್ದೇನೆ! ರಿಂಗ್ ಆಗ್ತದೆ, ಎತ್ತುವವರಿಲ್ಲ!"

ಎಲ್ಲರೂ ಬಾಗಿಯಮ್ಮನನ್ನು ನೋಡಿದರು. ಬಾಗಿಯಮ್ಮ ಅಡುಗೆಮನೆಯ ಡ್ರಾಯರನ್ನು ನೆನೆಸಿಕೊಂಡರು. "ಸೈಲೆಂಟಿನಲ್ಲಿತ್ತು," ಅಂದರು ಸಣ್ಣ ಸ್ವರದಲ್ಲಿ. "ಹೊಸ ನಂಬರು ಇವರು ಎಲ್ಲರಿಗೂ ಕೊಟ್ಟಿರಬೇಕು ಅಂತ ನಾನು..."

"ನಾನು ಯಾಕೆ ಕೊಡ್ಬೇಕು? ಬೇಕಾದವರು ಕೇಳ್ಬೇಕು," ಅಂದರು ನೋಣಯ್ಯನವರು.

ಇದೇ ಮುಹೂರ್ತಕ್ಕೆ ದೀಕ್ಷಿತ್ ಡಬ್ಬಿ ಹಿಡಿದುಕೊಂಡು ಗೇಟಿನಲ್ಲಿ ಕಾಣಿಸಿದ. ಅವನ ಹಿಂದೆಯೇ ಏವ್ರಿಲ್ ಮೇಡಂ, ಅವರ ಹಿಂದೆ ಚನಿಯ, ಕೊನೆಗೆ ಕಾರಿನಿಂದ ಇಳಿದು ಬದ್ರುದ್ದೀನ್ ಹಾಜಿಯವರು. ಅವರಿಗೂ ಮೂರು ಬಿದ್ದಿತ್ತು.

"ಹಳೇ ಸಿಮ್ಮು ಎಲ್ಲಿ ಉಂಟು?" ಅಂತ ಅಪ್ಪ ಕೇಳಿದರು. ದೀಕ್ಷಿತ್ ಡಬ್ಬಿ ನೋಡಿದ, ಅಂಗಳದ ಜನರನ್ನು ನೋಡಿದ, ಮೊಬೈಲು ತೆಗೆದು ಫ್ಲೈಟ್ ಮೋಡು ಬಿಚ್ಚಿದ. ತಕ್ಷಣ ಮಾಡ್ಯೂಲಿನ ಮಿಸ್ಡ್ ಕಾಲಿನ ಮೆಸೇಜುಗಳೂ ಬಾವನ ಬೈಗಳೂ ಒಟ್ಟಿಗೇ ಟಿಂಗ್ ಟಿಂಗ್ ಅಂತ ಸುರಿದವು.

ಆ ಬೇಕೂಫ ಯಾರು ಅಂತ ಅವನಿಗೆ ಈಗ ಗೊತ್ತಾಯಿತು.

ಅವನು ಎಲ್ಲ ವಿವರಿಸಿದ. ತಗಡು, ಉಪಗ್ರಹ, ಪುಸ್ತಕದ ಸಾಲು. ಮೇಡಂ ಪೆನ್ನು ಹಿಡಿದು ಕೇಳುತ್ತಿದ್ದರು. "ಇದನ್ನು ನಾನು ಎಂತ ಅಂತ ಬರೆಯುವುದು? ‘ಒಂದು ಡಬ್ಬಿ ತಾನಾಗಿಯೇ ಆತ್ಮೀಯರಿಗೆ ಫೋನು ಮಾಡಿತು’ ಅಂತವಾ?" ಕೊನೆಗೆ ಇನ್ನೊಮ್ಮೆ ಆದರೆ ಡಬ್ಬಿಯನ್ನೂ ಡಬ್ಬಿಯ ಅಪ್ಪನನ್ನೂ ಒಟ್ಟಿಗೆ ಒಳಗೆ ಹಾಕುತ್ತೇನೆ ಅಂತ ಹೇಳಿ, ಬಾಗಿಯಮ್ಮ ಕೊಟ್ಟ ಚಾ ಕುಡಿದು, ಜಾಮು ಬಿಡಿಸಲಿಕ್ಕೆ ಹೋದರು.

ಹೋಗಬೇಕಾದವರಲ್ಲಿ ಮೇಡಂ ಒಬ್ಬರೇ ಹೋದದ್ದು. ಉಳಿದವರು ಕುರ್ಚಿ ಹೇಗೂ ಹಾಕಿ ಆಗಿದೆಯಲ್ಲ ಅಂತ ಕೂತರು. ಬಂಗುಡೆ ಸಾಲದೆ ಪಕ್ಕದ ಮನೆಯಿಂದ ಬೂತಾಯಿ ಮೀನು ಬಂತು. ಹಳೇ ಕತೆಗಳು ಬಂದವು. ತೊಕ್ಕೊಟ್ಟಿನಲ್ಲಿ ಹತ್ತಿದ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಲಿಕ್ಕೆ ಅಬ್ದುಲ್ಲ ಒಂದು ಸ್ಟಾಪಿನಲ್ಲೂ ನಿಲ್ಲಿಸದೆ ಹೊಡೆದದ್ದು. ಒಳಗಿದ್ದ ಪ್ಯಾಸೆಂಜರುಗಳೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ಇಳಿದು, ಗಂಡೋ ಹೆಣ್ಣೋ ಗೊತ್ತಾಗದೆ ಹೋಗುವುದಿಲ್ಲ ಅಂತ ಕೂತದ್ದು. ಆ ಟ್ರಿಪ್ಪಿನ ಟಿಕೆಟು ನೋಣಯ್ಯಣ್ಣ ಯಾರಿಗೂ ಹರಿಯದೇ ಇದ್ದದ್ದು. ಹೇಳಿದ್ದನ್ನೇ ಹೇಳಿದರು, ನಕ್ಕಲ್ಲೇ ನಕ್ಕರು. ನೋಣಯ್ಯನವರು ಬನಿಯನಿನ ಮೇಲೆಯೇ "ಉಳ್ಳಾಲ, ತೊಕ್ಕೊಟ್ಟು, ಪಂಪ್‌ವೆಲ್, ನಂತೂರೂರೂರು... ರೈಟ್ ಪೋಯಿ!" ಅಂತ ಒಮ್ಮೆ ಕೂಗಿ ತೋರಿಸಿದಾಗ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತುಬಿಟ್ಟರು.

ದೀಕ್ಷಿತ್ ಮೂಲೆಯಲ್ಲಿ ಡಬ್ಬಿ ಮಡಿಲಲ್ಲಿಟ್ಟು ಕೂತಿದ್ದ. ಹಾಜಿಯವರು ಕೈ ತೊಳೆದು ಅವನ ಹತ್ತಿರ ಬಂದರು.

"ಮ್ಯಾಪು ಬೇಡ."

"ಧಣಿಗಳೇ, ತಗಡಿನ ಮೇಲೆ ಆಂಟೆನಾ ಹಾಕಿದ್ರೆ..."

"ನನ್ನ ಬಸ್ಸು ಎಲ್ಲಿ ಉಂಟು ಅಂತ ತಿಳಿಯಲಿಕ್ಕೆ ಉಪಗ್ರಹ ಯಾಕೆ? ಅದು ಯಾವಾಗ್ಲೂ ನಂತೂರಿನಲ್ಲೇ ಇರ್ತದೆ." ಅಂಗಳದ ಕಡೆ ಬೆರಳು ತೋರಿಸಿದರು. "ಇದು ಬೇಕು. ಒಬ್ಬನಿಗೆ ಎಂತಾದ್ರೂ ಆದ್ರೆ ಇಷ್ಟು ಜನ ಬಂದ್ರಲ್ಲ, ಇದು. ನನ್ನ ಹತ್ತಿರ ದುಡಿದು ಮನೆಯಲ್ಲಿ ಕೂತವರು ಎಷ್ಟು ಜನ ಇದ್ದಾರೆ! ಒಬ್ಬೊಬ್ಬರ ಮನೆಗೆ ಒಂದು ಡಬ್ಬಿ. ಅದಕ್ಕೆ ಒಂದೇ ಗುಂಡಿ. ಬಿದ್ರೆ, ಎದೆ ನೋವು ಬಂದ್ರೆ ಒತ್ತುವುದು. ನಿನಗೆ ವರ್ಷಕ್ಕೆ ಸಾಕಾಗುವಷ್ಟು ಕೆಲಸ."

"ಅಷ್ಟೇಯಾ?" ದೀಕ್ಷಿತನ ಸ್ವರ ಅಳುವ ಹಾಗಾಯಿತು. ಎರಡು ಮಳೆಗಾಲದ ಪ್ರೋಗ್ರಾಮು! ಸ್ಪೀಡು, ಸ್ಟಾಪು, ಬಣ್ಣ ಬಣ್ಣದ ಮ್ಯಾಪು! ಎಲ್ಲ ಅಳಿಸಿ ಒಂದು ಮಿಸ್ಡ್ ಕಾಲು ಉಳಿಸಬೇಕಂತೆ!

"ಮೊದಲು ಇದೇ ಮನೆಯಲ್ಲಿ ಹಾಕು, ಒಂದು ವಾರ. ಆದ್ರೆ ನೋಡು, ಸುಮ್ಮಸುಮ್ಮನೆ ಒಂದೇ ಒಂದು ಸಲ ಕರೆ ಹೋಯ್ತು ಅಂತಾದ್ರೆ ಮುಗೀತು. ಪ್ರಾಯದವರನ್ನು ಸುಳ್ಳಿಗೆ ಓಡಿಸುವ ಡಬ್ಬಿ ನನಗೆ ಬೇಡ. ನೀನು ಫ್ಲೈಟ್ ಹತ್ತು. ಅದೂ ಮೊಬೈಲಿನದ್ದಲ್ಲ, ಸರಿಯಾದ್ದೇ."

ಬಾವನಿಗೂ ಒಂದು ವಾರದ ವಾಯಿದೆ ಹೇಳಿದ್ದಾಯಿತು.

ದೀಕ್ಷಿತ್ ಹಲ್ಲು ಕಚ್ಚಿ ಅಳಿಸಿದ. ಸಾವಿರ ಸಾಲಿನ ಪ್ರೋಗ್ರಾಮು ಬೋಳಾಗಿ ಒಂದು ಪರದೆಯಲ್ಲಿ ನಿಲ್ಲುವಷ್ಟಾಯಿತು. ಗುಂಡಿ ಒತ್ತಿದರೆ ಪಟ್ಟಿಯ ಎಲ್ಲರಿಗೂ ಮೂರು. ಇಲ್ಲದಿದ್ದರೆ ಸುಮ್ಮನಿರು. ಇಷ್ಟೇ. ಆದರೂ ಬಿಡಲಿಲ್ಲ. ಡಬ್ಬಿಯನ್ನು ನೆಲಕ್ಕೆ ಬೀಳಿಸಿದ, ಕರೆಂಟು ತೆಗೆದು ಹಾಕಿದ, ಮಿಕ್ಸಿಯ ಪಕ್ಕ ಇಟ್ಟು ಅಮ್ಮನಿಂದ ಕಾಯಿ ಅರೆಸಿದ. ಡಬ್ಬಿ ತುಟಿಪಿಟಕ್ಕೆನ್ನಲಿಲ್ಲ. ಮುಂದಿನ ಸೋಮವಾರ ಗೋಡೆಗೆ ಬಡಿದು, ಕೆಂಪು ಗುಂಡಿ ಹಾಕಿ, ಅಪ್ಪನಿಗೆ ಹತ್ತು ಸಲ ಹೇಳಿದ. "ಇದು ಆಟಕ್ಕಲ್ಲ. ಬಿದ್ರೆ ಮಾತ್ರ."

"ನಾನು ಬೀಳುವುದಿಲ್ಲ," ಅಂದರು ನೋಣಯ್ಯನವರು. "ಓಡುವ ಬಸ್ಸಿನ ಬಾಗಿಲಲ್ಲಿ ನೇತಾಡಿದವ ಬಚ್ಚಲಲ್ಲಿ ಬೀಳುವುದಾ?"

ವಾರ ನೆಮ್ಮದಿಯಲ್ಲಿ ನಡೆಯಿತು. ಕೊನೇ ದಿನ, ಆದಿತ್ಯವಾರ, ದೀಕ್ಷಿತ್ ಅಂಗಡಿಯಲ್ಲಿ ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಅವನ ಮೊಬೈಲು ಹೊತ್ತಿ ಆರಿತು. ಪುನಃ ಹೊತ್ತಿತು. ಪುನಃ.

ಅವನು ಅಂಗಡಿಗೆ ಬಾಗಿಲು ಸಹ ಹಾಕದೆ ಸ್ಕೂಟರು ಓಡಿಸಿದ. ಮನೆ ಮುಟ್ಟುವಾಗ ಅಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ನೀವು ಒತ್ತಿದ್ದಾ?"

"ನಾನು ಯಾಕೆ ಒತ್ತಬೇಕು? ನಾನು ಬಿದ್ದಿದ್ದೇನಾ?"

"ಅಮ್ಮ ಎಲ್ಲಿ?"

"ಒಳಗೆ. ಅಡುಗೆ ಮಾಡ್ತಾ ಇದ್ದಾಳೆ."

ದೀಕ್ಷಿತ್ ಗೋಡೆಯ ಡಬ್ಬಿಯ ಹತ್ತಿರ ಲ್ಯಾಪ್‌ಟಾಪು ತಂದು ವಯರು ಚುಚ್ಚಿದ. ವಿಮಾನದ ಕಿಟಕಿ ಕಣ್ಣ ಮುಂದೆ ಬಂತು. ಸಾಲುಗಳನ್ನು ಒಂದೊಂದೇ ಓದಿದ. ಗುಂಡಿಯ ಸ್ಪ್ರಿಂಗು ನೋಡಿದ. ತೇವ ಇರಬಹುದು ಅಂತ ಅಕ್ಕ ಬಿಟ್ಟುಹೋದ ಹೇರ್ ಡ್ರೈಯರಿನಿಂದ ಊದಿದ. ಹಲ್ಲಿ ನಡೆದಿರಬಹುದು ಅಂತ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಹುಡುಕಿ, ಸಿಕ್ಕಿದ ಒಂದನ್ನು ಕೋಲಿನಿಂದ ಗುಂಡಿಯ ಮೇಲೆ ಓಡಿಸಿಯೂ ನೋಡಿದ. ಹಲ್ಲಿಯ ಭಾರಕ್ಕೆ ಗುಂಡಿ ಕ್ಯಾರೇ ಅನ್ನಲಿಲ್ಲ. ಪ್ರೋಗ್ರಾಮು ಕನ್ನಡಿಯ ಹಾಗಿತ್ತು. ಮುನ್ನೂರು ಪುಟದ ಪುಸ್ತಕ ತೆಗೆದು "ಗೊತ್ತಿಲ್ಲದ ತಪ್ಪು" ಅನ್ನುವ ಪುಟ ನೋಡಿ ಅದನ್ನು ಗೋಡೆಗೆ ಎಸೆದ.

ಆಗ ಅವನ ಮೂಗಿಗೆ ಅಡುಗೆಮನೆಯ ಪರಿಮಳ ಬಡಿಯಿತು. ಎದ್ದು ಹೋಗಿ ನೋಡಿದ. ಮದುವೆಗೆ ಮಾತ್ರ ಇಳಿಸುವ ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಕೋಳಿ ಸಾರು ಕುದಿಯುತ್ತಿತ್ತು. ಮೂಲೆಯಲ್ಲಿ ಸಾರಿಗೆ ಮುರಿದು ಹಾಕುವ ಕೋರಿರೊಟ್ಟಿಯ ಪ್ಯಾಕೆಟ್ಟುಗಳು ಹಂಚಿನ ಮಾಡು ಮುಟ್ಟುವ ಹಾಗೆ ನಿಂತಿದ್ದವು.

"ಇದು ಯಾರಿಗಮ್ಮ ಇಷ್ಟು?"

ಬಾಗಿಯಮ್ಮ ಸಾರಿಗೆ ಉಪ್ಪು ನೋಡುವುದರಲ್ಲಿ ಮುಳುಗಿಬಿಟ್ಟರು.

ಜಗಲಿಗೆ ಬಂದು ದೀಕ್ಷಿತ್ ಅಪ್ಪನನ್ನು ಈಗ ಸರಿಯಾಗಿ ನೋಡಿದ. ಇಸ್ತ್ರಿ ಹಾಕಿದ ಬಿಳಿ ಅಂಗಿ. ಕುತ್ತಿಗೆಗೆ ಪೌಡರು. ಪೇಪರು ತಲೆಕೆಳಗೆ.

ಮಾತಾಡಲಿಕ್ಕೆ ಪುರುಸೊತ್ತು ಸಿಗಲಿಲ್ಲ. ಗೇಟಿನ ಹೊರಗೆ ಆಟೋಗಳು ಬಂದು ನಿಂತವು. ಅಬ್ದುಲ್ಲ ಮೊಣಗಂಟು ಹಿಡಿದುಕೊಂಡು ಇಳಿದರು, ಚನಿಯ ಓಡಿ ಬಂದ, ಉಳಿದವರೂ ಬಂದರು. ಕೊನೆಗೆ ಹಾಜಿಯವರ ಕಾರು. ನೋಣಯ್ಯನವರು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿರುವುದನ್ನು ನೋಡಿ ಹಾಜಿಯವರ ಮುಖ ಗಂಟಾಯಿತು.

"ಎಂತ ದೀಕ್ಷಿತ್? ಯಾರಿಗೆ ಎಂತ ಆಯ್ತು?"

ದೀಕ್ಷಿತ್ ಅಪ್ಪನನ್ನು ನೋಡಿದ. ಅಪ್ಪ ತಲೆಕೆಳಗಿನ ಪೇಪರನ್ನು ಇನ್ನೂ ಹತ್ತಿರ ಹಿಡಿದುಕೊಂಡರು.

"ಎಂತ ಆಗ್ಲಿಲ್ಲ ಧಣಿಗಳೇ," ಅಂದ ದೀಕ್ಷಿತ್. "ನನ್ನ ಪ್ರೋಗ್ರಾಮಿನದ್ದೇ ತಪ್ಪು. ಸುಮ್ಮನೆ ಕರೆ ಹೋಯ್ತು."

"ಎಂತ ತಪ್ಪು?"

"ಗೊತ್ತಿಲ್ಲದ ತಪ್ಪು."

"ಹಾಗಾದ್ರೆ ಮಾತು ಮುಗೀತಲ್ಲ," ಅಂದರು ಹಾಜಿಯವರು ಬೇಸರದಲ್ಲಿ. "ಬಾವನಿಗೆ ಹೇಳಿಬಿಡು, ಬರ್ತೇನೆ ಅಂತ."

ದೀಕ್ಷಿತ್ ಮೊಬೈಲು ತೆಗೆದ. ಬಾವನ ಹೆಸರು ಹುಡುಕಿದ. ಬೆರಳು ಇಡಬೇಕು ಅನ್ನುವಾಗ ಪೇಪರು ಪಟ್ಟನೆ ನೆಲಕ್ಕೆ ಬಿತ್ತು.

"ಏ, ಹೋಲ್ಡಾನ್!" ಬಸ್ಸು ನಿಲ್ಲಿಸಲಿಕ್ಕೆ ಕೂಗುತ್ತಿದ್ದ ನೋಣಯ್ಯನವರ ಅದೇ ಸ್ವರ ಮಾಡಿನ ಹಂಚು ಅಲ್ಲಾಡಿಸಿತು. ಅರ್ಧ ಜನ ಅಭ್ಯಾಸಬಲದಿಂದ ಹತ್ತಿರದ ಕಂಬ ಹಿಡಿದುಕೊಂಡರು. "ನಾನೇ ಒತ್ತಿದ್ದು! ಎಂತ ಈಗ? ಹುಡುಗನ ಡಬ್ಬಿ ಸರಿಯೇ ಉಂಟು. ಕೆಟ್ಟದ್ದು ನೀವು! ಹೋದ ಸಲ ಹೋಗುವಾಗ ಒಬ್ಬೊಬ್ಬನೂ ಹೇಳಿದ, ‘ಬರ್ತೇವೆ ನೋಣಯ್ಯಣ್ಣ, ಆದಿತ್ಯವಾರ ಬರ್ತೇವೆ.’ ಹೋದ ಆದಿತ್ಯವಾರ ಬಂದ್ರಾ? ಮೆಸೇಜ್ ಹಾಕಿದೆ, ಹೆಬ್ಬೆರಳು ಕಳಿಸಿದ್ರಿ. ಹೆಬ್ಬೆರಳಿಗೆ ಕೋಳಿ ಸಾರು ಬಡಿಸ್ಲಿಕ್ಕಾಗ್ತದಾ?"

ಅಬ್ದುಲ್ಲ ನೆಲ ನೋಡಿದರು. ಚನಿಯ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದ. ಹಾಜಿಯವರು ಗೋಡೆಯ ಡಬ್ಬಿಯ ಹತ್ತಿರ ಹೋಗಿ, ಕನ್ನಡಕ ಏರಿಸಿ ಕೆಂಪು ಗುಂಡಿಯನ್ನು ನೋಡಿದರು.

"ಒತ್ತಿದಾಗ ಹೋಯ್ತು. ಒತ್ತದಾಗ ಹೋಗ್ಲಿಲ್ಲ. ಹಾಗೆಯಾ?"

"ಹೌದು," ಅಂದ ದೀಕ್ಷಿತ್.

"ಹಾಗಾದ್ರೆ ತಪ್ಪು ಎಲ್ಲಿ ಉಂಟು?" ಅವರು ತಿರುಗಿದರು. ಮಕ್ಕಳೆಲ್ಲ ಸೌದಿ ಸೇರಿದ ಮೇಲೆ ಅವರ ದೊಡ್ಡ ಮನೆಯಲ್ಲಿ ಅವರೂ ಬೀವಿ ಹಲೀಮಾ ಅವರೂ ಇಬ್ಬರೇ ಅಂತ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ನಾಳೆ ಬೆಳಿಗ್ಗೆ ಮೊದಲು ನನ್ನ ಮನೆಗೆ ಬಂದು ಒಂದು ಡಬ್ಬಿ ಬಡಿ. ಗುಂಡಿ ಸ್ವಲ್ಪ ದೊಡ್ಡದು ಹಾಕು."

ದೀಕ್ಷಿತ್ ಬಾವನಿಗೆ ಫೋನು ಮಾಡಿದ. "ಬಾವ, ನನಗೆ ಬರ್ಲಿಕ್ಕೆ ಆಗುವುದಿಲ್ಲ. ಇಲ್ಲಿ ಕೆಲಸ ಉಂಟು." ಹಿಂದಿನಿಂದ ಬರುತ್ತಿದ್ದ ಗದ್ದಲ ಕೇಳಿ ಬಾವ, "ಎಂತ ಅದು, ಮದುವೆಯಾ?" ಅಂತ ಕೇಳಿದರು.

ಊಟಕ್ಕೆ ಎಲೆ ಹಾಕಿದರು. ದೀಕ್ಷಿತನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಬಡಿಸುತ್ತ ಬಡಿಸುತ್ತ ಒಬ್ಬೊಬ್ಬರಿಗೂ ಹೇಳಿಕೊಂಡು ಹೋದ. ಇದು ಎಮರ್ಜೆನ್ಸಿಯ ಡಬ್ಬಿ, ಎಲ್ಲರೂ ಹೀಗೆ ಊಟಕ್ಕೆಲ್ಲ ಒತ್ತಿದರೆ ಮೂರಕ್ಕೆ ಬೆಲೆ ಉಳಿಯುವುದಿಲ್ಲ, ನಾಳೆ ಮೂರು ಬಂದರೆ ಯಾರೂ ಓಡುವುದಿಲ್ಲ, ಬೇಕಾದರೆ ಊಟಕ್ಕೆ ಬೇರೆ ಗುಂಡಿ ಮಾಡಿಕೊಡುತ್ತೇನೆ, ಪ್ರೋಗ್ರಾಮಿನಲ್ಲಿ ಜಾಗ ಉಂಟು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಲ್ಲ ಅಬ್ದುಲ್ಲ ಕಾಕ," ಅಂತ ಕೊನೆಗೆ ಅವರ ಎಲೆಯ ಮುಂದೆ ಸೌಟು ಹಿಡಿದು ನಿಂತ. "ನೀವೇ ಹೇಳಿ. ನಿಜವಾಗಿಯೂ ಒಬ್ಬರು ಬಿದ್ರೆ ಎಂತ ಮಾಡುವುದು?"

ಅಬ್ದುಲ್ಲ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದರು.

"ಎಂತ ಮಾಡುವುದು ಅಂದ್ರೆ? ನಾವೆಲ್ಲ ಇಲ್ಲೇ ಇದ್ದೇವಲ್ಲ ಮಾರಾಯ, ಎತ್ತಿ ಕೂರಿಸುವುದು."